ಶಿರಸಿ ಕಡೆಯಿಂದ ಧಾರವಾಡಕ್ಕೆ ಹೋಗುವವರು ಚಿಗರಿ ಹತ್ತಿ

ನಮ್ಮ ಜಿಲ್ಲೆಯವರಿಗೆ ಹುಬ್ಬಳ್ಳಿ–ಧಾರವಾಡದ ಪಿ.ಬಿ. ರಸ್ತೆ ತಪ್ಪಿದ್ದಲ್ಲ. ಮಾರ್ಕ್ಸ್ ಕಾರ್ಡಿಗೆ ಕರ್ನಾಟಕ ವಿಶ್ವವಿದ್ಯಾಲಯ, ಕಾಯಿಲೆಗೆ ಕಿಮ್ಸ್ ಇಲ್ಲವೇ ಸತ್ತೂರಿನ ಎಸ್‌ಡಿಎಂ. ನಾನು ಈ ಸಲ ಹೋಗಿದ್ದು ಎರಡಕ್ಕೂ: ಮಗಳ ಡಿಗ್ರಿ ಸರ್ಟಿಫಿಕೇಟು, ಆಯಿಯ ಮಂಡಿನೋವು.

ಮುಂಡಗೋಡ, ತಡಸ ದಾಟಿ ಬರುವಷ್ಟರಲ್ಲಿ ಆಯಿಗೆ ಸಾಕಾಗಿತ್ತು. ಹುಬ್ಬಳ್ಳಿಯ ಹೊಸೂರಿನಲ್ಲಿ ಚಿಗರಿ ಹತ್ತಿಸಿದೆ. ಚಿಗರಿ ಅಂದರೆ ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಿ.ಆರ್.ಟಿ.ಎಸ್. ಬಸ್ಸು. ಟಿಕೆಟ್ಟು ನಿಲ್ದಾಣದ ಕಿಟಕಿಯಲ್ಲೇ ತಗೊಳ್ಳಬೇಕು. ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟ, ಬಾಗಿಲು ಬಲಗಡೆ. ಮಂಡಿ ಬಗ್ಗಿಸದೆ ಸೀದಾ ಒಳಗೆ ನಡೆದ ಆಯಿ, “ತಮಾ, ಇದಕ್ಕೆ ಮೆಟ್ಲೇ ಇಲ್ಲೆ ಅಲ್ದ!” ಎಂದು ತಿರುಗಿ ನೋಡಿದಳು. ಎ.ಸಿ. ತಂಪು, ಅಲುಗಾಟ ಕಡಿಮೆ. 2018ರಲ್ಲಿ ಓಡಾಟ ಶುರುವಾದ ಈ ಬಸ್ಸಿಗೆ ರಸ್ತೆಯ ನಡುವೆ ಸುಮಾರು 22 ಕಿ.ಮೀ. ಪ್ರತ್ಯೇಕ ದಾರಿಯಿದೆ. ಲಾರಿ, ರಿಕ್ಷಾಗಳ ಗದ್ದಲಕ್ಕೆ ಸಿಕ್ಕಿಕೊಳ್ಳುವುದಿಲ್ಲ.

ಅವಸರವಿದ್ದರೆ ನಿಲ್ಲದೆ ಹೋಗುವ ಬಸ್ಸು ಹಿಡಿಯಿರಿ. ಇಲ್ಲದಿದ್ದರೆ ಎಲ್ಲ ಕಡೆ ನಿಲ್ಲುವುದನ್ನೇ ಹತ್ತಿ, ರಸ್ತೆ ನೋಡಬಹುದು. ಕಿಮ್ಸ್ ಆದಮೇಲೆ ವಿದ್ಯಾನಗರ, ಅಲ್ಲಿ 1947ರ ಬಿ.ವಿ.ಬಿ. ಕಾಲೇಜು, ಈಗ ಅದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ. ಮುಂದೆ ಉಣಕಲ್ ಕೆರೆ, ನಡುವೆ ವಿವೇಕಾನಂದರ ಪ್ರತಿಮೆ. ಚಂದ್ರಮೌಳೇಶ್ವರ ಗುಡಿ ಬಸ್ಸಿನಿಂದ ಕಾಣುವುದಿಲ್ಲ, ಉಣಕಲ್ಲಿನಲ್ಲಿ ಇಳಿದು ಊರೊಳಗೆ ಹೋಗಬೇಕು. ಚಾಲುಕ್ಯರ ಕಾಲದ ಕೆತ್ತನೆ. ಬನವಾಸಿ ನೋಡಿದವರು ಇದನ್ನು ಬಿಡಬಾರದು. ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ. ರಾಯಾಪುರದ ಇಸ್ಕಾನ್ ದಾಟಿದರೆ ಎಸ್‌ಡಿಎಂ. ನವಲೂರು ಎಂದರೆ ಪೇರಲ, ಹಂಗಾಮಿನಲ್ಲಿ ಹೋದರೆ ಚೀಲ ಇಟ್ಟುಕೊಳ್ಳಿ.

ಈ ಎರಡು ಊರುಗಳನ್ನು 1962ರಲ್ಲಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಆದರೆ ನಡುವೆ ಎಲ್ಲಿ ಹುಬ್ಬಳ್ಳಿ ಮುಗಿಯಿತು ಅನ್ನುವುದು ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದೆ. ಪಕ್ಕದ ಸೀಟಿನವರ ಮಾತಿಗೆ ಕಿವಿಗೊಡಿ!

ಒಪ್ಪಿಗೆಯಾಗದ್ದೂ ಇದೆ. ನಿಲ್ದಾಣ ರಸ್ತೆಯ ನಡುವಿರುವುದರಿಂದ ವಾಹನಗಳ ಮಧ್ಯೆ ದಾಟಲೇಬೇಕು. ಮೆಟ್ಟಿಲು ತಪ್ಪಿಸಿದವರು ವಯಸ್ಸಾದವರಿಗೆ ಈ ದಾಟುವ ಕಷ್ಟವನ್ನು ಹಾಗೇ ಉಳಿಸಿದ್ದಾರೆ. ರಸ್ತೆ ಅಗಲ ಮಾಡುವಾಗ ಕಡಿದ ಮರಗಳ ನೆರಳಂತೂ ವಾಪಸು ಬಂದಿಲ್ಲ, ಮಧ್ಯಾಹ್ನದ ಬಿಸಿಲಿಗೆ ಕೊಡೆ ಬೇಕು.

ಜುಬಿಲಿ ಸರ್ಕಲ್ಲಿನಲ್ಲಿ ಇಳಿದರೆ ಪೇಟೆ. ಅದಕ್ಕೆ ಕನ್ನಡ ಕುಲಪುರೋಹಿತ ಆಲೂರು ವೆಂಕಟರಾಯರ ಹೆಸರಿಟ್ಟಿದ್ದರೂ ರಿಕ್ಷಾದವರಿಗೆ ಜುಬಿಲಿ ಎಂದೇ ಹೇಳಬೇಕು. 1890ರಿಂದ ನಡೆದುಬಂದ ವಿದ್ಯಾವರ್ಧಕ ಸಂಘ ಇರುವುದು ಈ ಊರಿನಲ್ಲೇ. ವಿಶ್ವವಿದ್ಯಾಲಯ ಮಾತ್ರ ಚಿಗರಿ ದಾರಿಯಲ್ಲಿಲ್ಲ. 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದದ್ದು ಈಗ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿದೆ. ಅಲ್ಲಿಗೆ ಸಿಟಿ ಬಸ್ಸೇ ಲೇಸು. ಒಬ್ಬ ರಿಕ್ಷಾದವ ನಮ್ಮ ಕೈಚೀಲ ನೋಡಿಯೇ ದರ ಏರಿಸಿದ. ಕೆಲಸ ಬೇಗ ಮುಗಿದರೆ ಲೈನ್ ಬಜಾರಿನ ಪೇಢೆಗೆ ಪಾಳಿ ಹಚ್ಚಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಶಿರಸಿ ಬಸ್ಸು ಹಿಡಿಯುವವರು ವಾಪಸು ಬರುವಾಗ ಪೇಟೆಯವರೆಗೆ ಹೋಗದೆ ಹೊಸೂರಿನಲ್ಲೇ ಇಳಿಯಿರಿ, ಗೋಕುಲ ರಸ್ತೆಯ ಬಸ್‌ಸ್ಟ್ಯಾಂಡಿಗೆ ಅಲ್ಲಿಂದ ಹತ್ತಿರ.