ಹಸಿರು ಪೇಂಟ್ ಸುರುವಿದಂಗ ಕಾಣೋ ಕೆರಿ ನೀರಿಗೆ ಹುಡುಗೂರನ್ನ ಬಿಡಬ್ಯಾಡ್ರಿ

ಬ್ಯಾಸಿಗಿ ಸೂಟಿ ಅಂತ ಗಾಳ ತಗೊಂಡು ಸಣ್ಣ ಕೆರಿಗೋಳಿಗೆ ಹೊಂಟೋರು, ಅದ್ರಾಗೂ ಹುಡುಗೂರನ್ನ ಕರಕೊಂಡು ಹೊಂಟೋರು ಸ್ವಲ್ಪ ಇದನ್ನ ಪೂರ್ತಿ ಓದ್ರಿ. ನಮ್ಮ ಅಕ್ಕನ ಮಗ ದವಾಖಾನ್ಯಾಗ ಅಡ್ಮಿಟ್ ಆಗಿ ಸಲೈನ್ ಹಚ್ಚಿಸ್ಕೊಂಡು ಬಂದಾನ. ಈಗ ಆರಾಮ ಅದಾನ, ಆದ್ರ ಇನ್ನೊಬ್ಬರ ಮನಿ ಕೂಸಿಗೆ ಹಿಂಗ ಆಗೂದು ಬ್ಯಾಡ.

ಕೆರಿ ಹಾವೇರಿ ಜಿಲ್ಲಾದಾಗ, ಹೈವೇ ಬಿಟ್ಟು ಒಳಗ ಐತಿ. ಹೆಸರು ಹಾಕೂದಿಲ್ಲ, ಯಾಕಂದ್ರ ಹುಬ್ಬಳ್ಳಿ ಸುತ್ತಮುತ್ತ, ಗದಗ ಕಡೆನೂ ಇಂಥಾವು ಅದಾವು, ಹೆಸರು ಹೇಳಿದ್ರ ಅದೊಂದನ್ನ ಬಿಟ್ಟು ಉಳದದ್ದಕ್ಕ ಎಲ್ಲಾರೂ ಧೈರ್ಯದಿಂದ ಹೋಗ್ತೀರಿ. ಒಡ್ಡಿನ ಮ್ಯಾಲೆ ಒಬ್ಬಾಂವ ಕುರ್ಚಿ ಹಾಕ್ಕೊಂಡು ಕುಂತು ಗಾಳಕ್ಕ ಇಷ್ಟು, ಬೋಟಿಗೆ ತಲಿಗೆ ಇಷ್ಟು ಅಂತ ರೊಕ್ಕ ಇಸ್ಕೊಂಡು ಚೀಟಿ ಹರದು ಕೊಟ್ಟ. ಬಾಲ್‌ಪೆನ್ನಿಲೆ ಬರದ ಅಂಕಿ ಬಿಟ್ರ ಅದರ ಮ್ಯಾಲೆ ಪಂಚಾಯ್ತಿ ಶಿಕ್ಕಾ ಇಲ್ಲ, ನಂಬರ್ ಇಲ್ಲ, ತಾರೀಖು ಸೈತ ಇಲ್ಲ. ನಮ್ಮ ಭಾವ ಕೇಳಿದ್ದಕ್ಕ "ಟೆಂಡರ್ ನಮ್ದ ಐತ್ರಿ ಸರ, ಚಿಂತಿ ಮಾಡಬ್ಯಾಡ್ರಿ" ಅಂದ.

ಈ ಟೆಂಡರ್ ಮಾತು ಒಂದೀಟು ತಿಳ್ಕೊಳ್ರಿ. ನಮ್ಮ ರಾಜ್ಯದಾಗ ಸಾಮಾನ್ಯವಾಗಿ 40 ಹೆಕ್ಟೇರ್ ತನಕ ಅಚ್ಚುಕಟ್ಟು, ಅಂದ್ರ ಕೆರಿ ನೀರು ಉಣ್ಣೋ ಹೊಲ, ಇರೋ ಕೆರಿ ಪಂಚಾಯ್ತಿ ಕಡೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆ ಕಡೆ ಇರ್ತಾವು. ಟೆಂಡರ್ ಇಲ್ಲಾ ಹರಾಜಿನಾಗ ಸಿಗೂದು ಮೀನು ಪಾಶುವಾರು ಹಕ್ಕು, ಅಂದ್ರ ಮರಿ ಬಿಟ್ಟು ಮೀನು ಹಿಡಿಯೋ ಹಕ್ಕು ಅಷ್ಟ. ಮಂದೀನ ಬೋಟಿನಾಗ ಕೂಡ್ಸಿ ತಿರುಗಸಾಕ ಅದು ಲೈಸೆನ್ಸ್ ಅಲ್ಲ.

ಬೋಟಿನ ತಳ ಸೋರಬಾರದಂತ ಎಂ-ಸೀಲ್ ಮೆತ್ತಿದ್ರು. ಲೈಫ್ ಜಾಕೆಟ್ ಎರಡ ಇದ್ವು, ಒಂದರ ಬಕಲ್ ಮುರದು ಲಾಡಿಲೆ ಕಟ್ಟಿದ್ರು, ಆ ಎರಡರ ಮ್ಯಾಲೆ ಎಂಟು ಮಂದಿ ಕೂಡಸ್ತೀನಿ ಅಂತಾನ. ನಮ್ಮ ಅಕ್ಕ ಕಡ್ಡಿ ಮುರದಂಗ ಒಲ್ಲೆ ಅಂದ್ಳು. 2024ರ ಜನವರಿಯಾಗ ವಡೋದರಾದ ಹರಣಿ ಕೆರ್ಯಾಗ ಬೋಟ್ ಮುಳುಗಿ 12 ಸಾಲಿ ಹುಡುಗೂರು, ಇಬ್ಬರು ಟೀಚರ್ಸ್ ತೀರ್ಕೊಂಡ್ರು, ಬೋಟಿನಾಗ ಮಂದಿ ಜಾಸ್ತಿ, ಭಾಳ ಮಂದಿಗೆ ಜಾಕೆಟ್ ಇಲ್ಲ. ಅದೂ ಊರ ನಡುವಿನ ಕೆರಿನ. ನಮ್ಮ ಕಡೆ ಮ್ಯಾಲೆ ಇನ್ನೊಂದು ಗಂಡಾಂತರ ಏನಂದ್ರ ಜೇಸಿಬಿಲೆ ಹೂಳು ತಗದ ಗುಂಡಿ, ಮೊಣಕಾಲ ಮಟ ನೀರು ಅಂತ ನಡ್ಕೊಂತ ಹೋದ್ರ ಮುಂದಿನ ಹೆಜ್ಜಿಗೆ ಕಾಲಿಗೆ ನೆಲಾನ ಸಿಗೂದಿಲ್ಲ.

ಈಗ ನೀರಿನ ಮಾತಿಗೆ ಬರ್ತೀನಿ, ನನಗ ಹೇಳೂದಿರೂದ ಇದು. ಗಾಳಿ ಬೀಸೋ ದಿಕ್ಕಿನ ದಂಡಿಗೆ ನೀರ ಮ್ಯಾಲೆ ದಪ್ಪಗ ಹಸಿರು ಕೆನಿ ಕಟ್ಟಿತ್ತು, ಅಂಚಿನಾಗ ಒಣಗಿ ಕಲ್ಲಿಗೆ ನೀಲಿ ಬಣ್ಣ ಹತ್ತಿತ್ತು, ನಾತ ಅಂತೂ ಹೇಳಾಕ ಆಗೂದಿಲ್ಲ. ಎಮ್ಮಿ ಹೊಡ್ಕೊಂಡು ಬಂದಿದ್ದ ಒಬ್ಬ ಅಜ್ಜ ನನ್ನ ನೋಡಿ "ತಮ್ಮಾ, ಅಡ್ಡಮಳಿ ಆದಾಗಿಂದ ನಮ್ಮ ಎಮ್ಮಿ ಈ ನೀರಿಗೆ ಬಾಯಿ ಹಚ್ಚವಲ್ದು, ನಿಮ್ಮ ಹುಡುಗೂರನ್ನ ಮ್ಯಾಲೆ ಕರಿ" ಅಂದ. ಕುರ್ಚಿಯಾಂವ "ಪಾಚಿರೀ ಅದು, ದಿನಾ ನಾವ ಇಳೀತೀವಿ" ಅಂತ ನಕ್ಕ. ಅಷ್ಟೊತ್ತಿಗೆ ಹುಡುಗ ಗಾಳದ ದಾರ ಸಿಕ್ಕೊಂಡದ್ದನ್ನ ಬಿಡಸಾಕ ಹೋಗಿ ಜಾರಿ ಬಿದ್ದು ನೀರು ಕುಡದಿದ್ದ.

ಸಂಜಿಗೆ ಮೈಮ್ಯಾಲೆ ಗಂದಿ ಎದ್ದು ತುರಿಕಿ ಶುರು ಆತು, ರಾತ್ರಿ ವಾಂತಿ, ಹೊಟ್ಟಿ ನೋವು. ಡಾಕ್ಟರ್ರು ಕೆರಿ ನೀರು ಅಂದಕೂಡ್ಲೇ ಲಿವರ್ ಟೆಸ್ಟ್ ಮಾಡಿಸಿದ್ರು, ಕಾಲಾಗ ಗಾಯ ಇತ್ತೇನು ಅಂತ ಕೇಳಿದ್ರು, ಯಾಕಂದ್ರ ಇಲಿ ಜ್ವರದ ರೋಗಾಣು ಹೊಲಸು ನೀರಿನಾಗಿಂದ ಗಾಯದ ಮೂಲಕ ಒಳಗ ಹೋಗಬಹುದು ಮತ್ತ ಜ್ವರ ಒಂದೆರಡು ವಾರ ಆದ ಮ್ಯಾಲೂ ಬರಬಹುದು. ಹಂಗಾಗಿ ಜ್ವರ ಬಂದ್ರ ಕೆರಿಗೆ ಹೋಗಿದ್ದನ್ನ ಡಾಕ್ಟರ್ ಮುಂದ ಮೊದಲ ಹೇಳ್ರಿ.

ಹುಬ್ಬಳ್ಳಿ ಉಣಕಲ್ ಕೆರಿ ಅಂತರಗಂಗಿ ನಾವೆಲ್ಲಾ ನೋಡೇವಿ, ಅದು ಕಣ್ಣಿಗೆ ಕಾಣೋ ಗಿಡ. ಈ ಹಸಿರು ಕೆನಿ ನೀಲಿ ಹಸಿರು ಪಾಚಿ ಅಂತ, ಖರೇ ಅಂದ್ರ ಬ್ಯಾಕ್ಟೀರಿಯಾ, ಗಟಾರದ ನೀರು ಮತ್ತ ಹೊಲದ ಗೊಬ್ಬರ ಕೆರಿಗೆ ಸೇರಿ ಬಿಸಲು ಬಿದ್ರ ಉಕ್ಕತೈತಿ. ಅದರಾಗಿನ ಕೆಲವು ಜಾತಿ ಲಿವರಿಗೆ ಹೊಡಿಯೋ ವಿಷ ಬಿಡ್ತಾವು, ಕುದಿಸಿದ್ರೂ ಆ ವಿಷ ಹೋಗೂದಿಲ್ಲ. ಮೀನುಗಾರಿಕಿ ಓದಿದ ನನ್ನ ದೋಸ್ತ ಒಂದು ಉಪಾಯ ಹೇಳಿಕೊಟ್ಟ: ನೀರಿಗೆ ಕೈ ಹಚ್ಚದಂಗ ಉದ್ದನ ಕಡ್ಡಿ ಅದ್ದಿ ಎತ್ರಿ, ಕೂದಲದಂಗ ಎಳಿ ಎಳಿ ಬಂದ್ರ ಸಾದಾ ಪಾಚಿ, ಬಣ್ಣ ಬಳದಂಗ ಕಡ್ಡಿಗೆ ಹತ್ತಿದ್ರ ಹಿಂದಕ್ಕ ಸರೀರಿ.

ಮತ್ತ ಮೀನು. ಅವತ್ತು ಕಟ್ಲಾ, ರೋಹು ಎಲ್ಲಾ ಬಾಯಿ ಮ್ಯಾಲೆ ಮಾಡಿ ಗುಟುಕು ಗುಟುಕು ಉಸರಾಡಾಕತ್ತಿದ್ವು, ಎಷ್ಟೋ ಹೊಟ್ಟಿ ಮ್ಯಾಲಾಗಿ ತೇಲ್ತಿದ್ವು. ಪಾಚಿ ರಾತ್ರಿಪೂರ್ತಿ ನೀರಾಗಿನ ಆಕ್ಸಿಜನ್ ತಿಂತೈತಿ, ಹಂಗಾಗಿ ನಸುಕಿನ್ಯಾಗ ಅದು ಭಾಳ ಕಮ್ಮಿ ಇರ್ತೈತಿ, ಮ್ಯಾಲೆ ಅಡ್ಡಮಳಿ ಗಟಾರ ತೊಳಕೊಂಡು ಬಂದು ಸೇರಿದ್ರ ಮುಗೀತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕದಾಗ ಮೀನಿಗೆ ಲೀಟರಿಗೆ 4 ಮಿಲಿಗ್ರಾಂ, ಜಳಕಕ್ಕ 5 ಮಿಲಿಗ್ರಾಂ ಆಕ್ಸಿಜನ್ ಬೇಕ ಬೇಕು. ನನಗ ಹೊಟ್ಟ್ಯಾಗ ಬೆಂಕಿ ಬಿದ್ದದ್ದು ಯಾವಾಗ ಅಂದ್ರ, ಆ ತೇಲೋ ಮೀನು ಟ್ರೇದಾಗ ತುಂಬಿ ಐಸ್ ಹಾಕಿ ಹೈವೇ ಕಡೆ ಮಾರಾಕ ಕಳಸಾಕತ್ತಿದ್ರು. ಕಿವಿರು ಎತ್ತಿ ತೋರಿಸಂದ್ರ ತೋರಿಸಲಿಲ್ಲ. ಕೆಂಪು ಇರಬೇಕಾದ ಕಿವಿರು ಬಿಳಚಿ ಮಣ್ಣ ಬಣ್ಣ ಆಗಿದ್ರ, ಕಣ್ಣು ಒಳಗ ಹೋಗಿದ್ರ, ರೇಟು ಅರ್ಧ ಅಂದ್ರೂ ತಗೋಬ್ಯಾಡ್ರಿ, ಇಂಥಾ ನೀರಿನ ಮೀನಿನ ಕರಳು ಅಂತೂ ಮನಿ ನಾಯಿಗೂ ಹಾಕಬ್ಯಾಡ್ರಿ.

ನಾವು ಫೋಟೋ, ಆ ಚೀಟಿ ಎರಡೂ ಇಟ್ಟು ಪಂಚಾಯ್ತಿ ಪಿಡಿಓ ಅವರಿಗೆ, ಮೀನುಗಾರಿಕಿ ಇಲಾಖೆಗೆ ಅರ್ಜಿ ಕೊಟ್ಟು ಪೋಚ್, ಅಂದ್ರ ಅರ್ಜಿ ಮುಟ್ಟಿದ ರಸೀದಿ, ತಗೊಂಡೇವಿ. ಬಾಯಿಲೆ ಹೇಳಿದ್ದಕ್ಕ ಯಾರೂ ಬರೂದಿಲ್ಲ, ಬರದ ಕೊಡ್ರಿ, ಶಿಕ್ಕಾ ಒತ್ತಿಸ್ಕೊಂಡ ಬರ್ರಿ. ಮೀನು ಸತ್ತು ತೇಲಾಕತ್ತಿದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅವತ್ತ ತಿಳಸ್ರಿ, ನಾಲ್ಕು ದಿನ ಬಿಟ್ಟು ಬಂದು ನೀರಿನ ಸ್ಯಾಂಪಲ್ ತಗೊಂಡ್ರ ಅದ್ರಾಗ ಏನೂ ಸಿಗೂದಿಲ್ಲ.