ಎಫ್1 ಸುದ್ದಿಗೆ ಮೂರು ದಾರಿ: ಕಾಸು ಕೊಟ್ಟಿದ್ದಕ್ಕಿಂತ ಬಿಟ್ಟಿ ಕಾಗದವೇ ವಾಸಿ

ಮೊದಲೇ ಹೇಳಿಬಿಡುತ್ತೇನೆ. ನಾನು ದುಡ್ಡು ಕೊಟ್ಟು ಓದಿದ ಸುದ್ದಿಗಿಂತ ಬಿಟ್ಟಿ ಸಿಗುವ ಒಂದೆರಡು ಪುಟದ ಪಿಡಿಎಫ್ ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಫಾರ್ಮುಲಾ 1 ರೇಸಿನಲ್ಲಿ ಯಾರು ತಪ್ಪು ಮಾಡಿದರು, ಎಷ್ಟು ಶಿಕ್ಷೆ ಆಯಿತು ಅಂತ ತಿಳಿಯಲು ಈಗ ಮೊದಲು ತೆರೆಯುವುದು ಈ ರೇಸಿನ ಆಡಳಿತ ಸಂಸ್ಥೆಯಾದ ಎಫ್‌ಐಎ ತಾಣದಲ್ಲಿ ಸ್ಟೀವರ್ಡ್‌ಗಳ, ಅಂದರೆ ರೇಸಿನ ತೀರ್ಪುಗಾರರ, ತೀರ್ಪಿನ ಕಾಗದ. ಅದಾದ ಮೇಲೆ ಪತ್ರಿಕಾಗೋಷ್ಠಿಯ ಪೂರ್ತಿ ಬರಹ. ಉಳಿದವೆಲ್ಲ ಆಮೇಲೆ.

ಅಲ್ಲಿಗೆ ತಲುಪುವ ಮುಂಚೆ ಇನ್ನೆರಡು ದಾರಿ ನೋಡಿದ್ದೆ. ಒಂದು, ಫೋನಿನಲ್ಲಿ ತಾನಾಗೇ ಬಂದು ಬೀಳುವ ಸುದ್ದಿ. ಇನ್ನೊಂದು, ವರ್ಷಕ್ಕೆ ನಾಲ್ಕು ಸಾವಿರ ರೂಪಾಯಿ ಹತ್ತಿರ ಕೊಟ್ಟು ಮಾಡಿಸಿದ ಒಂದು ವಿದೇಶಿ ರೇಸಿಂಗ್ ತಾಣದ ಚಂದಾ.

ಫೋನಿನ ಸುದ್ದಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ಹ್ಯಾಮಿಲ್ಟನ್ ಬಗ್ಗೆ ಮಾಜಿ ಚಾಲಕನ ಆಘಾತಕಾರಿ ಮಾತು' ಅಂತ ಇರುತ್ತದೆ. ಒತ್ತಿದರೆ, ರೇಸ್ ಬಿಟ್ಟು ಎಷ್ಟೋ ವರ್ಷವಾದ ಯಾರೋ ಒಬ್ಬರು ಪಾಡ್‌ಕಾಸ್ಟ್‌ನಲ್ಲಿ ಆಡಿದ ಅರ್ಧ ವಾಕ್ಯ. ಹೆಸರು ಮುಚ್ಚಿಟ್ಟರೆ ತಾನೇ ನಾವು ಒತ್ತುವುದು? ಒಮ್ಮೆ ಒತ್ತಿದೆವೋ, ಮರುದಿನ ಅದೇ ಮಾತಿನ ಹತ್ತು ರೂಪ ಕಣ್ಣ ಮುಂದೆ. ಆ ಪಟ್ಟಿಯನ್ನೇ ಬಂದ್ ಮಾಡಿಟ್ಟಿದ್ದೇನೆ.

ಚಂದಾ ಮಾಡಿಸಿದ್ದು ಈ ಕಾಟ ತಪ್ಪಲಿ ಅಂತಲೇ. ಆ ತಾಣದಲ್ಲಿ ಒಳ್ಳೆಯದೂ ಇತ್ತು. ಕಾರಿನ ತಳದ ವಿನ್ಯಾಸ, ಟೈರ್ ಸವೆತ, ಟೈರ್ ಬದಲಿಸಲು ಯಾವಾಗ ಪಿಟ್‌ಗೆ ಬರಬೇಕು ಅನ್ನುವ ಲೆಕ್ಕಾಚಾರ ಇವನ್ನೆಲ್ಲ ಚೆನ್ನಾಗಿ ಬರೆಯುತ್ತಿದ್ದರು. ಅವರ ವರದಿಗಾರರು ರೇಸ್ ನಡೆಯುವ ಊರಿಗೇ ಹೋಗುತ್ತಾರೆ. ಅದಕ್ಕೆ ಬೆಲೆ ಇದೆ. ನನಗೆ ತಾಗಿದ್ದು ಬೇರೆ ಕಡೆ.

2025ರ ಜೂನ್ 1, ಬಾರ್ಸಿಲೋನಾ ರೇಸ್. ಕೊನೆಯ ಲ್ಯಾಪ್‌ಗಳಲ್ಲಿ ಐದನೇ ತಿರುವಿನ ಹತ್ತಿರ ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್ ವೇಗ ಇಳಿಸಿ ಬ್ರಿಟಿಷ್ ಚಾಲಕ ಜಾರ್ಜ್ ರಸೆಲ್‌ಗೆ ದಾರಿ ಬಿಟ್ಟಂತೆ ಮಾಡಿದರು. ರಸೆಲ್ ಮುಂದೆ ಬರುತ್ತಿದ್ದಂತೆ ಮತ್ತೆ ವೇಗ ಏರಿಸಿ ಗುದ್ದಿದರು. ನೋಡುತ್ತಿದ್ದ ನನಗೂ ಸಿಟ್ಟು ಬಂತು. ರಾತ್ರಿ ಊಟಕ್ಕೆ ಕೂತಾಗ ಚಂದಾ ತಾಣದಿಂದ ಫೋನಿಗೆ ಸುದ್ದಿ ಬಂತು. ಕನ್ನಡದಲ್ಲಿ ಹೇಳುವುದಾದರೆ, 'ರಸೆಲ್‌ಗೆ ಗುದ್ದಿದ ವರ್ಸ್ಟಾಪನ್‌ಗೆ ರೇಸ್ ನಿಷೇಧ'. ಒಳಗೆ ಓದಲಿಲ್ಲ. ಕಾಸು ಕೊಟ್ಟು ಓದುವ ತಾಣ, ನಂಬದೆ ಇರಲು ಕಾರಣವೇ ಇರಲಿಲ್ಲ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಟೈಪ್ ಮಾಡಿದೆ: 'ಮುಂದಿನ ರೇಸಿಗೆ ಮ್ಯಾಕ್ಸ್ ಇಲ್ಲ, ನಿಷೇಧ ಆಯ್ತು.'

ನಮ್ಮ ಭಾವ ವರ್ಸ್ಟಾಪನ್ ಕಡೆಯವರು. 'ಯಾರೋ ಹೇಳಿದ್ದು? ಎಲ್ಲಿ ಬರೆದಿದೆ ತೋರಿಸು' ಅಂದರು. ರಾತ್ರಿ ಹನ್ನೊಂದರವರೆಗೆ ಜಗಳ. ಬೆಳಗ್ಗೆ ಬಸ್ಸಿನಲ್ಲಿ ಕೂತು ಸಾಕ್ಷಿಗೆ ಅಂತ ಲಿಂಕ್ ಹಾಕಿದೆ. ಲಿಂಕಿನ ಜೊತೆ ಮೂಡಿದ ಚೌಕದಲ್ಲಿ ಬೇರೆಯೇ ತಲೆಬರಹ! 'ನಿಷೇಧದಿಂದ ಒಂದೇ ಪಾಯಿಂಟ್ ದೂರದಲ್ಲಿ ವರ್ಸ್ಟಾಪನ್' ಅಂತ ಬದಲಾಗಿತ್ತು. 'ನೀನೇ ಕಳಿಸಿದ್ದನ್ನು ನೀನೇ ಓದಿಕೋ' ಅಂದರು ಭಾವ. ನನ್ನ ಬಾಯಿ ಕಟ್ಟಿತು.

ತಪ್ಪು ಯಾರಿಗೂ ಆಗುತ್ತದೆ. ಅವಸರದಲ್ಲಿ ಬರೆದಿರಬಹುದು, ಆಮೇಲೆ ಸರಿ ಮಾಡಿರಬಹುದು. ನನ್ನ ತಕರಾರು ಅದಲ್ಲ. ಪುಟದಲ್ಲಿ ಮೇಲಿನಿಂದ ಕೆಳಗಿನವರೆಗೆ ಹುಡುಕಿದೆ. 'ಮೊದಲು ಹೀಗೆ ಬರೆದಿದ್ದೆವು, ತಪ್ಪಾಗಿತ್ತು' ಅನ್ನುವ ಒಂದು ಸಾಲು ಇರಲಿಲ್ಲ. ಆದರೆ ಲಿಂಕಿನ ವಿಳಾಸ ನೋಡಿ. ಅದರಲ್ಲಿ ಹಳೆಯ ತಲೆಬರಹದ ಪದಗಳು ಅಡ್ಡಗೆರೆ ಹಾಕಿಕೊಂಡು ಹಾಗೇ ಕೂತಿದ್ದವು, 'ನಿಷೇಧ' ಅನ್ನುವ ಪದವೂ ಸೇರಿ. ಅದನ್ನು ಫೋಟೊ ತೆಗೆದು ಭಾವನಿಗೆ ಕಳಿಸಿದ ಮೇಲೆಯೇ ಅವರು ನಂಬಿದ್ದು. ತಾಣಕ್ಕೆ ಮೇಲ್ ಬರೆದೆ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಯಂತ್ರದ ಉತ್ತರ ಬಂತು, ಅಷ್ಟೇ.

ಅಂದಿನಿಂದ ನನಗೆ ಒಂದು ಅಭ್ಯಾಸ ಬಿದ್ದಿದೆ. ತಲೆಬರಹ ಖಾರವಾಗಿದ್ದರೆ ಮೊದಲು ವಿಳಾಸ ಓದುತ್ತೇನೆ. ಎರಡೂ ಬೇರೆ ಇದ್ದರೆ ಒಳಗೆ ಏನೋ ಬದಲಾಗಿದೆ ಅಂತಲೇ ಲೆಕ್ಕ.

ಅದೇ ಸಂಜೆ ಊಟದ ಎಲೆ ಪಕ್ಕಕ್ಕಿಟ್ಟು ಸ್ಟೀವರ್ಡ್‌ಗಳ ಕಾಗದ ತೆರೆದಿದ್ದರೆ ಜಗಳವೇ ಇರುತ್ತಿರಲಿಲ್ಲ. ಆ ಕಾಗದ ಹೇಗಿರುತ್ತದೆ ಅಂದರೆ, ಮೇಲೆ ತಂಡದ ಮ್ಯಾನೇಜರ್‌ಗೆ ಅಂತ ವಿಳಾಸ, ದಿನಾಂಕ, ಸಮಯ, ಚಾಲಕನ ಹೆಸರು. ಕೆಳಗೆ ಸಾಲಾಗಿ: ಏನಾಯಿತು, ಯಾವ ನಿಯಮ ಮುರಿಯಿತು, ಏನು ಶಿಕ್ಷೆ, ಯಾಕೆ. ಬಾರ್ಸಿಲೋನಾ ಕಾಗದದಲ್ಲಿ ಶಿಕ್ಷೆ, ರೇಸಿನ ಸಮಯಕ್ಕೆ 10 ಸೆಕೆಂಡ್ ಸೇರಿಸುವುದು ಮತ್ತು 3 ಪೆನಾಲ್ಟಿ ಪಾಯಿಂಟ್. ಪಕ್ಕದಲ್ಲೇ, 12 ತಿಂಗಳಲ್ಲಿ ಒಟ್ಟು 11. ನಿಷೇಧ ಆಗುವುದು 12ಕ್ಕೆ. ಮುಗಿಯಿತಲ್ಲ! ಜೊತೆಗೆ ಆ ಗುದ್ದಾಟಕ್ಕೆ ಕಾರಣ ನಿಸ್ಸಂಶಯವಾಗಿ ಕಾರ್ 1 (ಅದು ವರ್ಸ್ಟಾಪನ್ ಕಾರು) ಅಂತಲೂ ಬರೆದಿದ್ದರು. ವರ್ಸ್ಟಾಪನ್‌ಗೆ ರಿಯಾಯಿತಿ ಏನೂ ಇರಲಿಲ್ಲ. ಐದನೆಯವರಾಗಿ ಮುಗಿಸಿದವರು ಹತ್ತಕ್ಕೆ ಇಳಿದರು.

ನನಗೆ ಇಷ್ಟವಾಗಿದ್ದು ಆ 'ಯಾಕೆ' ಭಾಗ. ಅಲ್ಲಿ ಗುದ್ದಾಟವನ್ನು ವಿವರಿಸುವುದು ಕಾರಿನ ಸಂಖ್ಯೆಯಿಂದ. ಕಾರ್ 1, ಕಾರ್ 63 (ರಸೆಲ್ ಕಾರು), ಅಷ್ಟೇ. ಯಾವ ದೇಶದವನು, ಎಷ್ಟು ಸಲ ಚಾಂಪಿಯನ್, ಯಾರ ಮಗ, ಏನೂ ಇಲ್ಲ. ಓದುವಾಗ ನಮ್ಮ ಮನಸ್ಸೂ ತಣ್ಣಗಾಗುತ್ತದೆ.

2021ರ ಎರಡು ಕಾಗದ ಜೊತೆಗಿಟ್ಟು ಓದಿದರೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಜುಲೈ 18ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಬ್ರಿಟಿಷ್ ಚಾಲಕ ಹ್ಯಾಮಿಲ್ಟನ್ ಕಾರು ತಾಗಿ ವರ್ಸ್ಟಾಪನ್ ಗೋಡೆಗೆ ಹೋದರು. ಸ್ಟೀವರ್ಡ್‌ಗಳು ಹೇಳಿದ್ದು, ತಪ್ಪಿನ ಹೆಚ್ಚಿನ ಪಾಲು ಹ್ಯಾಮಿಲ್ಟನ್‌ದು. ಸರಿಯಾಗಿ ಎಂಟು ವಾರಕ್ಕೆ, ಸೆಪ್ಟೆಂಬರ್ 12ರಂದು ಇಟಲಿಯ ಮೊನ್ಜಾದಲ್ಲಿ ವರ್ಸ್ಟಾಪನ್ ಕಾರು ಹ್ಯಾಮಿಲ್ಟನ್ ಕಾರಿನ ಮೇಲೆ ಹತ್ತಿತು. ಆಗಲೂ ಅದೇ ಪದ: ಹೆಚ್ಚಿನ ಪಾಲು ವರ್ಸ್ಟಾಪನ್‌ದು. ಇಬ್ಬರಿಗೂ 2 ಪೆನಾಲ್ಟಿ ಪಾಯಿಂಟ್. ಒಬ್ಬರಿಗೆ 10 ಸೆಕೆಂಡ್, ಇನ್ನೊಬ್ಬರಿಗೆ ಮುಂದಿನ ರೇಸ್ ಹೊರಡುವಾಗ ಮೂರು ಜಾಗ ಹಿಂದೆ. 'ಹೆಚ್ಚಿನ ಪಾಲು' ಅಂದರೆ 'ಪೂರ್ತಿ' ಅಲ್ಲ, 'ಏನೂ ಇಲ್ಲ' ಅಂತಲೂ ಅಲ್ಲ. ಆದರೆ ತಲೆಬರಹ ಆಗುವಾಗ ಮೊದಲು ಉದುರುವುದು ಆ ಪದವೇ. ಅದು ಉದುರಿದರೆ ಒಬ್ಬ ಖಳನಾಯಕ, ಇನ್ನೊಬ್ಬ ಪಾಪದವನು.

ಪತ್ರಿಕಾಗೋಷ್ಠಿಯ ಪೂರ್ತಿ ಬರಹಕ್ಕೂ ಇದೇ ಗುಣ. ಪ್ರಶ್ನೆ ಏನಿತ್ತು ಅಂತ ಗೊತ್ತಾಗುತ್ತದೆ. 2024ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ಮಳೆಯಲ್ಲಿ 17ನೇ ಜಾಗದಿಂದ ಹೊರಟು ಗೆದ್ದ ವರ್ಸ್ಟಾಪನ್, ಬ್ರಿಟಿಷ್ ಪತ್ರಕರ್ತರು ಯಾರೂ ಕಾಣುತ್ತಿಲ್ಲವಲ್ಲ, ವಿಮಾನ ಹಿಡಿಯಲು ಓಡಿದರಾ ಅಂತ ಕೇಳಿದರು. ಸುದ್ದಿಯಲ್ಲಿ ಇಷ್ಟೇ ಓದಿದವರಿಗೆ ಆತ ಬರೀ ಜಗಳಗಂಟ. ಅದರ ಹಿಂದಿನ ವಾರ ಮೆಕ್ಸಿಕೊದಲ್ಲಿ ಎರಡು ಸಲ 10 ಸೆಕೆಂಡ್ ಶಿಕ್ಷೆ ಬಿದ್ದು, ಅದರ ಮೇಲೆ ಬ್ರಿಟಿಷ್ ಮಾಧ್ಯಮದಲ್ಲಿ ದಿನಗಟ್ಟಲೆ ಚರ್ಚೆ ಆಗಿದ್ದನ್ನು ಸೇರಿಸಿ ಓದಿದರೆ ಆ ಮಾತು ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ಬ್ರಿಟಿಷ್ ಪತ್ರಕರ್ತರು ಬೇಕಂತಲೇ ಸೇರಿ ಸಂಚು ಮಾಡುತ್ತಾರೆ ಅಂತ ನನಗೆ ಅನಿಸುವುದಿಲ್ಲ. 2025ರ ಹತ್ತು ತಂಡಗಳಲ್ಲಿ ಆರು ತಂಡದ ಕಾರು ತಯಾರಾಗಿದ್ದು ಇಂಗ್ಲೆಂಡಿನಲ್ಲೇ. ಪತ್ರಕರ್ತರೂ ಅಲ್ಲಿನವರೇ ಜಾಸ್ತಿ, ಓದುಗರೂ ಅಲ್ಲಿನವರೇ ಜಾಸ್ತಿ. ತಮ್ಮೂರ ಹುಡುಗನ ಕಡೆ ಮನಸ್ಸು ವಾಲುವುದು ಸಹಜ. 2022ರಲ್ಲಿ ಇದೇ ಕೋಪಕ್ಕೆ ರೆಡ್ ಬುಲ್ ತಂಡ ಮೆಕ್ಸಿಕೊದಲ್ಲಿ ಬ್ರಿಟನ್ನಿನ ಟಿವಿ ವಾಹಿನಿ ಸ್ಕೈ ಸ್ಪೋರ್ಟ್ಸ್ ಜೊತೆ ಮಾತಾಡಲಿಲ್ಲ. ಇಟಲಿಯ ಪತ್ರಿಕೆಗಳು ಫೆರಾರಿ ಕಡೆ, ಅದನ್ನು ಮುಚ್ಚಿಡುವುದೂ ಇಲ್ಲ.

ನಮ್ಮ ಕಡೆಯೂ ಇದೆ. 2025ರ ಮೇ 24ರಂದು ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಗೆದ್ದಾಗ ನನಗೆ ಎದೆ ಉಬ್ಬಿತು. ಆದರೆ ನನಗೆ ಬಂದ ಫಾರ್ವರ್ಡ್‌ಗಳಲ್ಲಿ 'ಮೊನಾಕೊ ಗೆದ್ದ ಭಾರತೀಯ' ಅಂತಷ್ಟೇ ಇತ್ತು. ಅದು ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್, ಅಂದರೆ ಚಿಕ್ಕ ರೇಸ್. ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಿರುವುಮುರುವು ನಿಲ್ಲಿಸುವ ರೇಸ್. ಕುಶ್ ಹಾಗೆ ಸಿಕ್ಕ ಮುಂದಿನ ಜಾಗವನ್ನು ಆ ಕಿರಿದಾದ ಬೀದಿಗಳಲ್ಲಿ ಕೊನೆಯವರೆಗೆ ಬಿಟ್ಟುಕೊಡಲಿಲ್ಲ. ಮೊನಾಕೊದಲ್ಲಿ ಎಫ್2 ರೇಸ್ ಗೆದ್ದ ಮೊದಲ ಭಾರತೀಯ ಆತ. ಇಷ್ಟು ಬರೆದರೆ ಆ ಹುಡುಗನ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ, ಅಲ್ವಾ?

ಸ್ಟೀವರ್ಡ್‌ಗಳ ಕಾಗದಕ್ಕೂ ಕೊರತೆ ಇದೆ. ಇಂಗ್ಲಿಷ್ ಒಣಗಿದ ಕಟ್ಟಿಗೆ ಥರ. ತೀರ್ಪು ತಡವಾದರೆ ಕಾಯಬೇಕು. ಎಲ್ಲಕ್ಕಿಂತ ದೊಡ್ಡದು, ಎಫ್‌ಐಎ ಅಧಿಕಾರಿಗಳೇ ತಪ್ಪಿದಾಗ ಅದು ಕಾಗದದಲ್ಲಿ ಬರುವುದು ಕಷ್ಟ. 2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ಅಪಘಾತದಿಂದ ಎಲ್ಲ ಕಾರೂ ನಿಧಾನವಾಗಿ ಸಾಗುತ್ತಿದ್ದಾಗ, ಒಂದು ಸುತ್ತು ಹಿಂದಿದ್ದ ಕಾರುಗಳ ಪೈಕಿ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪನ್ ನಡುವಿದ್ದ ಐದನ್ನು ಮಾತ್ರ ರೇಸ್ ಅಧಿಕಾರಿ ಮುಂದೆ ಬಿಟ್ಟರು, ಎಲ್ಲವನ್ನೂ ಅಲ್ಲ. ಆಗ ಹ್ಯಾಮಿಲ್ಟನ್ ಇದ್ದ ಮರ್ಸಿಡಿಸ್ ತಂಡದ ದೂರು ಅದೇ ರಾತ್ರಿ ವಜಾ ಆಯಿತು. ಅದು ಮನುಷ್ಯನಿಂದ ಆದ ತಪ್ಪು ಅಂತ ಎಫ್‌ಐಎ ತನ್ನ ವರದಿಯಲ್ಲಿ ಹೇಳಿದ್ದು 2022ರ ಮಾರ್ಚ್ 19ಕ್ಕೆ. ನಡುವಿನ ಮೂರು ತಿಂಗಳು ಬೆನ್ನು ಬಿಡದೆ ಕೇಳಿದ ಪತ್ರಕರ್ತರ ಕೆಲಸವನ್ನು ಯಾವ ಪಿಡಿಎಫ್ ಕೂಡ ಮಾಡಲಾರದು.

ಹಾಗಾಗಿ ಚಂದಾ ಪೂರ್ತಿ ಬೇಡ ಅನ್ನಲಾರೆ. ದಿನಾ ಒಂದು ಗಂಟೆ ಓದುವವರು, ಕಾರಿನ ತಾಂತ್ರಿಕ ವಿಷಯ ಇಷ್ಟಪಡುವವರು ಮಾಡಿಸಲಿ. ನನಗೆ ಸಿಗುವುದು ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷಕ್ಕೆ ನಾಲ್ಕು ಸಾವಿರ ಜಾಸ್ತಿ ಆಯಿತು. ತಾನಾಗೇ ಕಾಸು ಕಡಿತವಾಗುವುದನ್ನು ನಿಲ್ಲಿಸಿದೆ. ಹೊಸ ಕಾರುಗಳು ಬರುವ ಹೊತ್ತಿಗೆ ಒಂದು ತಿಂಗಳಿಗೆ ಮಾತ್ರ ಮಾಡಿಸುತ್ತೇನೆ.

ಈಗ ಭಾನುವಾರ ರೇಸ್ ಮುಗಿದ ಕೂಡಲೇ ಭಾವ ಗುಂಪಿನಲ್ಲಿ ಕೇಳುವುದು ಒಂದೇ: 'ಕಾಗದ ಬಂತೇನೋ?'