ಕೆನಡಾ ಫೈಲ್ ಏಜೆಂಟರ ಕೈಗೆ ಕೊಡುವ ಮುಂಚೆ ಇದನ್ನು ಓದಿ

ನನ್ನ ತಮ್ಮ ಮೆಕ್ಯಾನಿಕಲ್ ಇಂಜಿನಿಯರ್. ಹೊರದೇಶದಲ್ಲಿ ಓದಬೇಕು, ಅಲ್ಲೇ ಪಿಆರ್ (ಶಾಶ್ವತವಾಗಿ ವಾಸಿಸುವ ಹಕ್ಕು) ತೆಗೆದುಕೊಂಡು ನೆಲೆಸಬೇಕು ಅನ್ನುವುದು ಅವನ ಆಸೆ. 2024ರ ಮಳೆಗಾಲದಲ್ಲಿ ಬ್ರಹ್ಮಾವರದಿಂದ ಬಸ್ ಹತ್ತಿ ನಾವಿಬ್ಬರೂ ಮಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋದೆವು. ಅವನ ಮನಸ್ಸಿನಲ್ಲಿದ್ದದ್ದು ಜರ್ಮನಿ.

ಅಲ್ಲಿದ್ದವರು ಹತ್ತೇ ನಿಮಿಷದಲ್ಲಿ ಜರ್ಮನಿಯ ಮಾತು ಮುಗಿಸಿದರು. "ಭಾಷೆ ಕಲಿಯಬೇಕು ಮೇಡಂ, ಸುಮ್ನೆ ಕಷ್ಟ. ಕೆನಡಾದಲ್ಲಿ ಎರಡು ವರ್ಷದ ಡಿಪ್ಲೊಮಾ, ಮೂರು ವರ್ಷದ ವರ್ಕ್ ಪರ್ಮಿಟ್, ಆಮೇಲೆ ಪಿಆರ್." ಕೋರ್ಸ್ ಬಿಸಿನೆಸ್ ಮ್ಯಾನೇಜ್‌ಮೆಂಟ್. ಇಂಜಿನಿಯರ್‌ಗೆ ಅದ್ಯಾಕೆ ಅಂತ ಕೇಳಿದೆ. "ಸೀಟು ಬೇಗ ಸಿಗುತ್ತೆ" ಅಂದರು. ನಾನು ಮತ್ತೆ ಕೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮನೆ ಜಾಗದ ಮೇಲೆ ಸಾಲ ತೆಗೆದೆವು. ಅಲ್ಲಿನ ಖರ್ಚಿಗೆಂದು ಮೊದಲೇ ಕೆನಡಾದ ಬ್ಯಾಂಕಿನಲ್ಲಿ ಇಡಬೇಕಾದ ಜಿಐಸಿ ಅನ್ನುವ ಠೇವಣಿಯೇ ಆಗ 20,635 ಕೆನಡಾ ಡಾಲರ್, ಅಂದರೆ ಹನ್ನೆರಡು ಲಕ್ಷದ ಮೇಲೆ. ಫೀಸು ಬೇರೆ. ನವರಾತ್ರಿ ಹೊತ್ತಿಗೆ ಎಲ್ಲ ಕಾಗದ ರೆಡಿ ಇತ್ತು. ತಮ್ಮ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ರಶ್ ಇದೆ, ದೀಪಾವಳಿ ಕಳೆಯಲಿ." ಕೊನೆಗೆ ಅರ್ಜಿ ಹೋದದ್ದು ನವೆಂಬರ್ ಎರಡನೇ ವಾರ.

ಅಷ್ಟರಲ್ಲಿ ನಿಯಮ ಬದಲಾಗಿತ್ತು. 2024ರ ನವೆಂಬರ್ 1ರಿಂದ ಸ್ಟಡಿ ಪರ್ಮಿಟ್‌ಗೆ ಅರ್ಜಿ ಹಾಕಿ ಕಾಲೇಜು ಡಿಪ್ಲೊಮಾ ಮಾಡುವವರಿಗೆ, ಆ ಕೋರ್ಸ್ ಸರ್ಕಾರದ ಪಟ್ಟಿಯಲ್ಲಿದ್ದರೆ ಮಾತ್ರ ಓದು ಮುಗಿದ ಮೇಲೆ ವರ್ಕ್ ಪರ್ಮಿಟ್. ಪಟ್ಟಿಯಲ್ಲಿ ಆರೋಗ್ಯ, ವಿಜ್ಞಾನ, ಇಂಜಿನಿಯರಿಂಗ್, ಕೃಷಿ, ಸಾರಿಗೆ, ಕೈಕೆಲಸದ ಕೋರ್ಸುಗಳಿದ್ದವು. ಬಿಸಿನೆಸ್ ಮ್ಯಾನೇಜ್‌ಮೆಂಟ್ ಇರಲಿಲ್ಲ. ಅಕ್ಟೋಬರ್‌ನಲ್ಲೇ ಅರ್ಜಿ ಹಾಕಿದ್ದರೆ ಈ ಷರತ್ತು ಅವನಿಗೆ ತಾಗುತ್ತಲೇ ಇರಲಿಲ್ಲ. ಅವನ ಓದಿಗೆ ತಕ್ಕ ಕೋರ್ಸ್ ಕೊಡಿಸಿದ್ದರೂ ತಾಗುತ್ತಿರಲಿಲ್ಲ!

ನಮಗೆ ಇದು ಗೊತ್ತಾದದ್ದು ಅವನು ಅಲ್ಲಿಗೆ ಹೋಗಿ ತಿಂಗಳುಗಳಾದ ಮೇಲೆ. ರೂಮಿನ ಹುಡುಗನೊಬ್ಬ "ನಿನ್ನ ಕೋರ್ಸಿನ ಸಿಐಪಿ ಕೋಡ್ ಎಷ್ಟು?" ಅಂತ ಕೇಳಿದನಂತೆ. ಆ ಪಟ್ಟಿಯಲ್ಲಿ ಕೋರ್ಸನ್ನು ಗುರುತಿಸುವ ಸಂಖ್ಯೆ ಅದು. ಆ ರಾತ್ರಿ ಫೋನ್ ಬಂತು. "ಅಕ್ಕಾ, ನನ್ನ ಕೋರ್ಸಿಗೆ ವರ್ಕ್ ಪರ್ಮಿಟ್ ಇಲ್ಲ." ಮರುದಿನವೇ ಕನ್ಸಲ್ಟೆನ್ಸಿಗೆ ಹೋದೆ. "ರೂಲ್ಸ್ ಅವರ ಸರ್ಕಾರದ್ದು ಮೇಡಂ, ನಾವೇನು ಮಾಡೋದು?" ಅಂದರು. ಪರ್ಮಿಟ್ ಇಲ್ಲದೆ ಅಲ್ಲಿ ಕೆಲಸದ ಅನುಭವ ಇಲ್ಲ, ಅನುಭವ ಇಲ್ಲದೆ ಪಿಆರ್‌ಗೆ ಆರಿಸಲು ಲೆಕ್ಕ ಹಾಕುವ ಅಂಕ ಏರುವುದಿಲ್ಲ. ಇದು ಅವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಆದ್ದರಿಂದ ದಯವಿಟ್ಟು ಆ ಆರಂಕಿಯ ಸಿಐಪಿ ಕೋಡನ್ನು ಕಾಲೇಜಿಗೇ ಇಮೇಲ್ ಬರೆದು ಕೇಳಿ. ಕೆನಡಾ ಸರ್ಕಾರದ ವೆಬ್‌ಸೈಟಿನ ಪಟ್ಟಿಯಲ್ಲಿ ನೀವೇ ಹುಡುಕಿ. ಕಾಲೇಜಿಗೇ ವರ್ಕ್ ಪರ್ಮಿಟ್ ಅರ್ಹತೆ ಇದೆಯೇ ಅಂತಲೂ ನೋಡಿ, ಎಷ್ಟೋ ಖಾಸಗಿ ಕಾಲೇಜುಗಳಿಗೆ ಅದು ಇಲ್ಲ. ವಿಶ್ವವಿದ್ಯಾಲಯದ ಮಾಸ್ಟರ್ಸ್‌ಗೆ ಈ ಕೋರ್ಸ್ ಪಟ್ಟಿಯ ತೊಡಕಿಲ್ಲ.

ಬೇರೆ ದೇಶ ಅಂದರೂ ಇದೇ ರೀತಿ ಕೆದಕಿ ನೋಡಬೇಕು. ಬ್ರಿಟನ್‌ನಲ್ಲಿ ಓದಿನ ವರ್ಷಗಳಾಗಲಿ, ಆಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾದ ಕಾಲವಾಗಲಿ ಸ್ಕಿಲ್ಡ್ ವರ್ಕರ್ ಅನ್ನುವ ಕೆಲಸದ ವೀಸಾದ ದಾರಿಯಲ್ಲಿ ನೆಲೆಸುವ ಲೆಕ್ಕಕ್ಕೆ ಸೇರುವುದಿಲ್ಲ. ಆ ಗ್ರಾಜುಯೇಟ್ ವೀಸಾವೂ 2027ರ ಜನವರಿಯಿಂದ ಮಾಸ್ಟರ್ಸ್ ಮಾಡಿದವರಿಗೆ ಎರಡು ವರ್ಷದಿಂದ 18 ತಿಂಗಳಿಗೆ ಇಳಿಯುತ್ತದೆ. ನಾವು ಬಿಟ್ಟ ಜರ್ಮನಿಯಲ್ಲಿ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸೇ ಇಲ್ಲ. ಆದರೆ ನಮ್ಮ ಅಂಕಪಟ್ಟಿ, ಪದವಿ ಅಸಲಿ ಅಂತ ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟ್ ಬೇಕು, ವರ್ಷದ ಖರ್ಚಿಗೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟು ಅಂತ ಮಾತ್ರ ತೆಗೆಯಬಹುದಾದ ಖಾತೆ) ಇಡಬೇಕು. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಕೊಡುತ್ತಾರೆ. ಭಾಷೆ ಕಷ್ಟ ಅಂದದ್ದು ಸುಳ್ಳಲ್ಲ, ಅಲ್ಲಿ ನೆಲೆಸಲು ಸಾಮಾನ್ಯವಾಗಿ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬೇಕು. ಆದರೆ ಕಷ್ಟಪಟ್ಟು ಕಲಿಯಲು ನನ್ನ ತಮ್ಮ ತಯಾರಿದ್ದ. ಅವನನ್ನು ಯಾರೂ ಕೇಳಲಿಲ್ಲ.

ನಿಮ್ಮ ಫೈಲ್ ಈಗ ಯಾರದಾದರೂ ಮೇಜಿನ ಮೇಲಿದ್ದರೆ, ಅರ್ಜಿ ಸಲ್ಲಿಸಿದ ದಿನಾಂಕವಿರುವ ರಸೀದಿ ಇವತ್ತೇ ಕೇಳಿ. "ಹಾಕಿದ್ದೇವೆ" ಅನ್ನುವ ಬಾಯಿಮಾತಿಗೆ ಒಪ್ಪಬೇಡಿ.

ತಮ್ಮ ಈಗ ಅಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ಸ್ ಸೀಟಿಗೆ ಪ್ರಯತ್ನಿಸುತ್ತಿದ್ದಾನೆ. ಸಿಕ್ಕರೆ ಮತ್ತೆ ಹೊಸ ಸ್ಟಡಿ ಪರ್ಮಿಟ್, ಹೊಸ ಫೀಸು. ಬ್ಯಾಂಕಿಗೆ ಇನ್ನೊಮ್ಮೆ ಹೋಗಬೇಕು. ಅಮ್ಮನಿಗೆ ಇನ್ನೂ ಪೂರ್ತಿ ಹೇಳಿಲ್ಲ.